ಲಾವಾಗ್ ಗೋಪುರವೂ ನನ್ನ ಟಿಕೆಟ್ಟೂ

ಬೆನ್ನು ನೆಟ್ಟಗಿದ್ದರೆ ಬದುಕೂ ನೆಟ್ಟಗಿರುತ್ತದೆ ಎಂದು ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದರು. ಕುವೈತಿನ ಸಾಲ್ಮಿಯಾದ ಖಾಸಗಿ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆದ ಮೇಲೆ ತಿಳಿಯಿತು, ನಾನೆಷ್ಟು ನೆಟ್ಟಗೆ ನಡೆದರೂ ನಗೆಪಾಟಲು ಹಿಂದಿನಿಂದ ಬಂದೇ ಬರುತ್ತದೆ. ಆ ವರ್ಷ ನನಗಿದ್ದದ್ದು ಒಂದೇ ಆಸೆ. ತಂಗಿಯ ಮಗಳ ಮದುವೆ. ಹಿಂದಿನ ದಿನದ ಶಾಸ್ತ್ರವಾದ ರೋಸ್‌ನಲ್ಲಿ ಅವಳ ತಲೆಗೆ ತೆಂಗಿನ ಹಾಲು ಹಾಕಲು ನಾನು ಊರಲ್ಲಿರಬೇಕು. ರಜೆಯ ಟಿಕೆಟ್ ಕೊಡಬೇಕಾದವರು ಹೊಸದಾಗಿ ಬಂದ ಕುವೈತಿ ಡೈರೆಕ್ಟರು. ಅದನ್ನು ಎಡವಟ್ಟು ಮಾಡಿದ್ದು ಫಿಲಿಪೈನ್ಸಿನ ಒಂದು ಊರು.

ಯಾವ ಊರು?

ಹೊಸ ನರ್ಸ್ ಕೆಲಸಕ್ಕೆ ಸೇರಿದ ದಿನ ಕೇಳಿದೆ, "ಮನಿಲಾದವಳಾ?"

ಅವಳ ಮುಖ ಬಿಗಿಯಿತು. "ಅಲ್ಲ ಮ್ಯಾಮ್, ಲಾವಾಗ್. ನಮ್ಮ ಪ್ರಾಂತ್ಯದ ರಾಜಧಾನಿ."

"ಅದು ಮನಿಲಾದ ಹತ್ತಿರವಾ?"

"ಬಸ್ಸಿನಲ್ಲಿ ಒಂದು ಇಡೀ ರಾತ್ರಿ. ನೀವು ಬೊಂಬಾಯಿಯವರಾ ಮ್ಯಾಮ್?"

"ಮಂಗಳೂರು!"

"ಅದು ಬೊಂಬಾಯಿಯ ಹತ್ತಿರವಾ?"

"ಬಸ್ಸಿನಲ್ಲಿ ಒಂದು ಇಡೀ ರಾತ್ರಿ. ಮೇಲೆ ಅರ್ಧ ಹಗಲು," ಎಂದೆ. ಗೆಲುವು ಸಿಕ್ಕಿದ ಕಡೆ ತೆಗೆದುಕೊಳ್ಳಬೇಕು.

ಇಳಿಯುವ ಗೋಪುರ

ಅವಳ ಊರಿನ ಗಂಟೆ ಗೋಪುರದ ಸುದ್ದಿ ಮಾತ್ರ ನನ್ನನ್ನು ಹಿಡಿದುಕೊಂಡಿತು. ಸ್ಪೇನಿನ ಪಾದ್ರಿಗಳು ಇಟ್ಟಿಗೆಯಲ್ಲಿ ಕಟ್ಟಿಸಿದ್ದಂತೆ. ಪೂಜೆ ನಡೆಯುವ ಇಗರ್ಜಿ ಒಂದು ಕಡೆ, ಗೋಪುರ ಅಷ್ಟು ದೂರದಲ್ಲಿ ಇನ್ನೊಂದು ಕಡೆ.

"ಕಟ್ಟಿದವನಿಗೆ ಅಳತೆ ತಪ್ಪಿತಾ?"

"ಭೂಕಂಪವಾದರೆ ಗೋಪುರ ಇಗರ್ಜಿಯ ಮೇಲೆ ಬೀಳಬಾರದಲ್ಲ ಮ್ಯಾಮ್."

"ಬಿತ್ತಾ?"

"ಇಲ್ಲ. ಅಡಿಯಲ್ಲಿ ಮರಳು, ನಿಂತಲ್ಲೇ ಇಳಿಯುತ್ತಿದೆ. ಹಿಂದೆ ಕುದುರೆ ಸವಾರ ಬಾಗಿಲಲ್ಲಿ ನೇರ ಒಳಗೆ ಹೋಗುತ್ತಿದ್ದನಂತೆ. ಈಗ ನಾನೂ ಬಗ್ಗಬೇಕು." ಅವಳು ನನ್ನ ಭುಜದಷ್ಟು ಎತ್ತರ.

"ಯಾರೂ ರಿಪೇರಿ ಮಾಡಿಸಲಿಲ್ಲವಾ?"

"ಯಾಕೆ ಮ್ಯಾಮ್? ಬಗ್ಗಿದರೆ ಆಯಿತಲ್ಲ."

ಒಳಗೆ ಬರುವವರೆಲ್ಲ ತಾವಾಗಿ ತಲೆ ಬಗ್ಗಿಸುವ ಬಾಗಿಲು! ನನ್ನ ಆಫೀಸಿಗೂ ಅಂಥದೊಂದನ್ನು ಮಾಡಿಸಬಹುದೇ ಎಂದು ಆ ಮಧ್ಯಾಹ್ನವೆಲ್ಲ ಯೋಚಿಸಿದೆ.

ಪ್ಯಾಂಟ್ರಿಯ ವಾಸನೆ

ವಾಸನೆಯ ಪದಾರ್ಥ ತರಕೂಡದೆಂದು ಪ್ಯಾಂಟ್ರಿಗೆ ಬೋರ್ಡ್ ಹಾಕಿಸಿದವಳು ನಾನೇ. ಒಂದು ದಿನ ಕಾರಿಡಾರಿನ ತನಕ ಘಮಲು. ಒಳಗೆ ನುಗ್ಗಿದರೆ ನಮ್ಮ ಲಾವಾಗ್ ನರ್ಸ್ ಒಂದು ಬಾಟಲಿ ತೆರೆದು ಕುಳಿತಿದ್ದಳು. ಉಪ್ಪಿನಲ್ಲಿ ತಿಂಗಳುಗಟ್ಟಲೆ ಕಳಿತ ಮೀನು.

"ಇದೇನಿದು?"

"ಊರಿನದು ಮ್ಯಾಮ್. ಅಮ್ಮ ಕಳಿಸಿದ್ದು."

ನಾನು ಬೈಯಲು ಬಾಯಿ ತೆರೆಯುವುದಕ್ಕೂ ಹೊಸ ಡೈರೆಕ್ಟರು ಮೂಗು ಹಿಡಿದುಕೊಂಡು ಬರುವುದಕ್ಕೂ ಸರಿಹೋಯಿತು. ಅವಳು ಗಾಬರಿಯಾಗದೆ ಬಾಟಲಿಯ ಮುಚ್ಚಳ ಬಿಗಿದಳು. ವಾಸನೆ ನಿಲ್ಲಲಿಲ್ಲ. ಮೂವರೂ ಮೇಜಿನ ಮೇಲಿದ್ದ ನನ್ನ ಚೀಲವನ್ನು ನೋಡಿದೆವು. ಒಳಗೆ ಒಣ ಸಿಗಡಿ ಚಟ್ನಿಯ ಡಬ್ಬಿಯ ಮುಚ್ಚಳ ಜಾರಿತ್ತು.

"ಊರಿನದು," ಎಂದೆ.

"ಓಹೋ, ಇಬ್ಬರದೂ ಒಂದೇ ಊರು," ಎಂದು ಡೈರೆಕ್ಟರು ತಲೆದೂಗಿದರು. ತಿದ್ದೋಣವೆಂದರೆ ಆಗಲೇ ಲಿಫ್ಟ್ ಹತ್ತಿಬಿಟ್ಟಿದ್ದರು.

ಅದಲು ಬದಲು

ನರ್ಸುಗಳ ದಿನಾಚರಣೆಗೆ ಒಬ್ಬೊಬ್ಬರೂ ತಮ್ಮ ಊರಿನ ಬಗ್ಗೆ ಮಾತನಾಡಬೇಕೆಂದಾಯಿತು. ಲಾವಾಗ್ ನರ್ಸ್ ವಾರವೆಲ್ಲ ಜಂಬ ಕೊಚ್ಚಿದಳು. ತಡೆಯಲಾರದೆ, "ನಿನ್ನ ಊರನ್ನು ನಿನಗಿಂತ ಚೆನ್ನಾಗಿ ನಾನೇ ಹೇಳಬಲ್ಲೆ," ಎಂದೆ.

"ಹೇಳಿ ಮ್ಯಾಮ್. ನಿಮ್ಮದನ್ನು ನಾನು ಹೇಳುತ್ತೇನೆ."

ಆ ದಿನ ವೇದಿಕೆಯಲ್ಲಿ ನಾನು ಸೋಲಲಿಲ್ಲ. ತಂಬಾಕು ಬೆಳೆದವರು ಸರಕಾರಕ್ಕೇ ಮಾರಬೇಕೆಂಬ ಸ್ಪೇನಿನವರ ಕಟ್ಟಳೆ, ಅದು ರದ್ದಾದ ನೆನಪಿಗೆ ನಿಂತಿರುವ ಕಂಬ, ನಮ್ಮ ನೆವ್ರಿಯ, ಅಂದರೆ ಕರ್ಜಿಕಾಯಿಯ ಆಕಾರದಲ್ಲೇ ಕರಿಯುವ, ಆದರೆ ಒಳಗೆ ಮೊಟ್ಟೆ, ಪಪ್ಪಾಯಿಕಾಯಿ ತುಂಬುವ ಎಂಪನಾಡ, ಎಲ್ಲವನ್ನೂ ಹೇಳಿದೆ. ಉತ್ಸಾಹದಲ್ಲಿ "ನಮ್ಮ ಗೋಪುರ" ಎಂದೂ ಬಿಟ್ಟೆ. ಅವಳು ರೋಸ್‌ನ ತೆಂಗಿನ ಹಾಲನ್ನು ವರ್ಣಿಸಿದ್ದಕ್ಕೆ ನಮ್ಮ ಮಂಗಳೂರಿನ ಹುಡುಗಿಯರು ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿದ್ದ ಡೈರೆಕ್ಟರು ಇಬ್ಬರಿಗೂ ಜೋರಾಗಿ ಚಪ್ಪಾಳೆ ತಟ್ಟಿದರು.

ಮರುವಾರ ಆಫೀಸಿನ ಉಡುಪಿಯ ಕ್ಲಾರ್ಕ್ ಬಂದ. "ಬಾಯಮ್ಮ, ನಿಮ್ಮ ಟಿಕೆಟ್ ಬಂದಿದೆ. ಮೊದಲು ಸ್ವಲ್ಪ ಕೂತ್ಕೊಳ್ಳಿ."

ಕುವೈತ್‌ನಿಂದ ಮನಿಲಾ. ಅದೇ ಹೊತ್ತಿಗೆ ರಜೆ ಕೇಳಿದ್ದ ಲಾವಾಗ್ ನರ್ಸಿನದ್ದು ಕುವೈತ್‌ನಿಂದ ಮಂಗಳೂರು.

"ನನ್ನ ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಉಂಟಲ್ಲ!"

"ನಾನು ಡೈರೆಕ್ಟರಿಗೆ ಹೇಳಿದೆ ಮಾರಾಯ್ರೆ. ನಿಮ್ಮಿಬ್ಬರ ಸರ್‌ನೇಮ್ ಪೋರ್ಚುಗೀಸೋ ಸ್ಪ್ಯಾನಿಷೋ ಅವರಿಗೇನು ಗೊತ್ತು? 'ಅವರವರ ಊರು ಅವರ ಬಾಯಿಂದಲೇ ಕೇಳಿದ್ದೇನೆ, ಖಲಾಸ್' ಅಂದ್ರು. ಬದಲಾಗಬೇಕಾದ್ರೆ ನೀವೇ ಹೋಗಿ ಕೇಳ್ಬೇಕು."

ಮದುವೆ ಹತ್ತಿರ ಬಂದಿತ್ತು. ಲಾವಾಗ್ ನರ್ಸ್ ಸಮಾಧಾನ ಮಾಡಿದಳು, "ನೀವು ಹೋಗಿ ಬನ್ನಿ ಮ್ಯಾಮ್. ತೆಂಗಿನ ಹಾಲು ನಾನು ಹಾಕುತ್ತೇನೆ. ಹೇಗೆಂದು ಗೊತ್ತಲ್ಲ, ಭಾಷಣ ಮಾಡಿದ್ದೇನೆ."

ಯಾರ ಮುಂದೆಯೂ ಏನನ್ನೂ ಬೇಡದವಳು ನಾನು. ಡೈರೆಕ್ಟರ ಕೋಣೆಯ ಬಾಗಿಲು ತಟ್ಟಿ, ತೆರೆದು, ಹೊಸ್ತಿಲಲ್ಲೇ ನಿಂತೆ. "ಒಂದು ವಿನಂತಿ ಸರ್," ಎನ್ನುವಾಗ, ಕಾನ್ವೆಂಟ್ ಕಲಿಸಿದ ಕತ್ತು ತಾನಾಗಿ ಬಗ್ಗಿತು. ಅವರು ಎಲ್ಲ ಕೇಳಿ, ಫೋನೆತ್ತಿ ಟಿಕೆಟ್ ಬದಲಿಸಲು ಹೇಳಿದರು. ನಾನು ಹೊರಡುವಾಗ, "ಮೇಟ್ರನ್, ಹಾಗಾದರೆ ಆ ಗೋಪುರ ಮಂಗಳೂರಿನಲ್ಲಿಲ್ಲವೇ?" ಎಂದು ಬೇಸರದಿಂದ ಕೇಳಿದರು.

ಹೊರಗೆ ಲಾವಾಗ್ ನರ್ಸ್ ಕಾಯುತ್ತಿದ್ದಳು. "ಕೊಟ್ಟರಾ ಮ್ಯಾಮ್?"

"ಕೊಟ್ಟರು."

ಅವಳು ಡೈರೆಕ್ಟರ ಬಾಗಿಲನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. "ಬಾಗಿಲು ಎತ್ತರವೇ ಇದೆ. ಆದರೂ ಬಗ್ಗಿಯೇ ಹೋದಿರಿ. ಪರವಾಗಿಲ್ಲ ಮ್ಯಾಮ್, ನೀವೀಗ ನಮ್ಮ ಊರಿನವರೇ."