ಮೇ ತಿಂಗಳಲ್ಲಿ ಹೀಟರ್

ಸಂಗೀತ ಬರುವುದಿಲ್ಲ, ಈಜು ಬರುವುದಿಲ್ಲ, ಅನ್ನಕ್ಕೆ ಎಷ್ಟು ನೀರಿಡಬೇಕೆಂದು ತಿಳಿಯದು ಎಂದೆಲ್ಲ ನಾನು ಯಾರೆದುರಿಗೂ ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತೇನೆ. ಆದರೆ ಕಾರಿನ ಬಾನೆಟ್ ಎತ್ತಿ ನಿಂತಾಗ ಮಾತ್ರ "ಗೊತ್ತಿಲ್ಲ" ಎಂಬ ಮಾತು ಗಂಟಲಿನಿಂದ ಮೇಲೆ ಬರುವುದಿಲ್ಲ. ಅದಕ್ಕೆ ನನ್ನ ಡಿಗ್ರಿಯೇ ಕಾರಣ. ಚೆನ್ನೈನ ಅಂಬತ್ತೂರಿನಲ್ಲಿರುವ ಒಂದು ಕಾರ್ಖಾನೆಯಲ್ಲಿ ನಾನು ಇಂಜಿನಿಯರ್. ಬೇರೆಯವರು ಮಾಡಿದ ಕೆಲಸದ ವರದಿಗೆ ಸಹಿ ಹಾಕುವುದು ಅಲ್ಲಿ ನನ್ನ ಕೆಲಸ. ಅಲ್ಲಿ ಸ್ಪ್ಯಾನರ್ ಹಿಡಿದು ವರ್ಷಗಳೇ ಆಗಿದ್ದವು. ಆದರೂ ಇಂಜಿನಿಯರಿಗೆ ಎಲ್ಲ ಯಂತ್ರವೂ ಗೊತ್ತಿರುತ್ತದೆಂದು ತ್ರಿಪ್ಲಿಕೇನಿನ ನಮ್ಮ ಬೀದಿಯವರು ನಂಬಿದ್ದರು. ನಾನೂ ನಂಬಿದ್ದೆ.

ಇಸವಿ ಎರಡು ಸಾವಿರ ಕಳೆದು ಒಂದೆರಡು ವರ್ಷವಾಗಿತ್ತು. ನಮ್ಮದು ಸೆಕೆಂಡ್ ಹ್ಯಾಂಡ್ ಕಾರು. ಓಡುವಾಗ ಸಾಧುವಾಗಿರುತ್ತಿದ್ದ ಅದು ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಬಿಸಿಯಾಗುತ್ತಿತ್ತು. ಡ್ಯಾಶ್‌ಬೋರ್ಡಿನ ಮುಳ್ಳು ಕೆಂಪು ಗೆರೆಯ ಕಡೆಗೆ ಏರುತ್ತಿತ್ತು. ರೇಡಿಯೇಟರಿನ ಫ್ಯಾನ್ ತಿರುಗುತ್ತಿಲ್ಲ ಎಂಬಷ್ಟನ್ನು ನಾನೇ ಕಂಡುಹಿಡಿದು, ಆ ಸಂತೋಷದಲ್ಲಿ ಒಂದು ವಾರ ಕಳೆದೆ. ಆಮೇಲೆ ಫ್ಯೂಸ್ ಬದಲಿಸಿದೆ, ರಿಲೇ ಬದಲಿಸಿದೆ. ಫ್ಯಾನ್ ಮಿಸುಕಲಿಲ್ಲ. ಬೀದಿಯ ಕೊನೆಯ ಆಟೋ ಎಲೆಕ್ಟ್ರಿಶಿಯನ್ ಅಂತೋಣಿಗೆ ತೋರಿಸೋಣ ಎಂದು ಹೆಂಡತಿ ಸುಧಾ ಹೇಳಿದಾಗ, "ನಾನಿಲ್ವಾ?" ಎಂದೆ. ಅವಳು ನನ್ನನ್ನೂ ಕಾರನ್ನೂ ಒಮ್ಮೆ ನೋಡಿ ಒಳಗೆ ಹೋದಳು.

ಅಷ್ಟರಲ್ಲಿ ಮಾವನವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಅವರು ಮೂರು ತಲೆಮಾರಿನಿಂದ ಮದರಾಸಿನಲ್ಲಿ ನೆಲೆಸಿದ ಮಾಧ್ವ ಮನೆತನದವರು, ಹಾರ್ಬರಿನಿಂದ ನಿವೃತ್ತರಾಗಿ ನಮ್ಮೊಂದಿಗೇ ಇದ್ದರು. ಮಾರನೆಯ ಬೆಳಿಗ್ಗೆ ಕಟ್ಟು ಬಿಚ್ಚಿಸಲು ಅವರನ್ನು ಕರೆದುಕೊಂಡು ಹೋಗಬೇಕಿತ್ತು. ಆಟೋದಲ್ಲಿ ಹೋಗೋಣವೆಂದು ಸುಧಾ ಹೇಳಿದರೂ ಕೇಳದೆ ನಾನು ಕಾರು ತೆಗೆದೆ.

ಮೊದಲ ಸಿಗ್ನಲ್ಲಿನಲ್ಲೇ ಮುಳ್ಳು ಏರಿತು. ಎಂದೋ ಓದಿದ್ದ ಉಪಾಯವೊಂದು ನೆನಪಾಯಿತು. ಹೀಟರ್ ಹಾಕಿದರೆ ಇಂಜಿನ್ನಿನ ಬಿಸಿ ಒಂದಿಷ್ಟು ಕಾರಿನೊಳಕ್ಕೆ ಬಂದು, ಇಂಜಿನ್ ಉಳಿಯುತ್ತದೆ. ಚೆನ್ನೈನಲ್ಲಿ, ಅದೂ ಮೇ ತಿಂಗಳಲ್ಲಿ, ಹೀಟರ್ ಹಾಕಿದ ಮನುಷ್ಯ ನಾನೊಬ್ಬನೇ ಇರಬೇಕು. ಕಿಟಕಿಗಳನ್ನೆಲ್ಲ ಇಳಿಸಿದ್ದರೂ ಮುಂದೆ ಕೂತಿದ್ದ ಮಾವನವರ ಮುಖಕ್ಕೆ ಒಲೆಯ ಮುಂದೆ ಕೂತಂತೆ ಝಳ ಹೊಡೆಯತೊಡಗಿತು. ಕಣ್ಣಿನ ಮೇಲಿನ ಪಟ್ಟಿಯ ಅಂಚಿನಲ್ಲಿ ಬೆವರು ಇಳಿಯುತ್ತಿತ್ತು.

"ಅಪ್ಪಾ, ತುಂಬಾ ವೇರ್ಕುತಾ ಇದೆಯಾ?" ಎಂದು ಸುಧಾ ಹಿಂದಿನಿಂದ ಸೆರಗಿನಲ್ಲಿ ಗಾಳಿ ಹಾಕಿದಳು.

"ಪರವಾಯಿಲ್ಲೆ ಮ್ಮಾ. ಮಾಪ್ಳೆ ನೋಡ್ಕೋತಾರೆ" ಎಂದರು ಅವರು, ತಮಿಳು ಬೆರೆತ ತಮ್ಮ ಕನ್ನಡದಲ್ಲಿ. ಅಳಿಯನಾದ ನಾನು ಅವರಿಗೆ ಮಾಪ್ಳೆ.

ಆಸ್ಪತ್ರೆಯಲ್ಲಿ ನರ್ಸ್ ರಕ್ತದೊತ್ತಡ ನೋಡಿ, ಹುಬ್ಬು ಗಂಟಿಕ್ಕಿಕೊಂಡು ಡಾಕ್ಟರನ್ನು ಕರೆದಳು. ಹೊಸ ಕಣ್ಣಿಟ್ಟುಕೊಂಡು ಈ ಬಿಸಿಲಿನಲ್ಲಿ ನಡೆದು ಬಂದಿರಾ ಎಂದು ಡಾಕ್ಟರು ಗದರಿದರು. ನಾನು ಬಾಯಿ ತೆರೆಯುವ ಮೊದಲೇ ಮಾವನವರು, "ಆಮಾ, ಬಸ್ ಸ್ಟಾಪಿಂದ ಕೊಂಚ ನಡೆದುಬಿಟ್ಟೆ" ಎಂದರು. ಏಕಾದಶಿಯಂದು ನೀರು ಕುಡಿಯಲೂ ಯೋಚಿಸುವ ಮನುಷ್ಯ ನನಗೋಸ್ಕರ ಸುಳ್ಳು ಹೇಳಿದ್ದರು. ಮಧ್ಯಾಹ್ನದವರೆಗೆ ಅವರನ್ನು ಮಲಗಿಸಿಕೊಂಡರು. ಹೊರಗಿನ ಬೆಂಚಿನಲ್ಲಿ ಸುಧಾ ನನ್ನ ಪಕ್ಕವೇ ಕೂತಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಒತ್ತಡ ಇಳಿದ ಮೇಲೆ ಅವರು ಸುಧಾಳೊಂದಿಗೆ ಆಟೋದಲ್ಲಿ ಮನೆಗೆ ಹೋದರು. ನಾನು ಕಾರನ್ನು ಅಲ್ಲಲ್ಲಿ ನಿಲ್ಲಿಸಿ ಆರಿಸುತ್ತ, ನೇರ ಅಂತೋಣಿಯ ಅಂಗಡಿಗೆ ತಂದೆ. "ಅಂತೋಣಿ, ನನಗೆ ಗೊತ್ತಾಗ್ತಿಲ್ಲ" ಎಂದೆ. ಅವನು ಬ್ಯಾಟರಿಯಿಂದ ಫ್ಯಾನಿಗೆ ನೇರವಾಗಿ ಎರಡು ವೈರು ಕೊಟ್ಟ. ಫ್ಯಾನ್ ಭರ್ರೆಂದು ತಿರುಗಿತು. ಮೋಟಾರು ಕೆಟ್ಟಿರಲಿಲ್ಲ. ವೈರಿಗೆ ಕಟ್ಟಿದ ಸಣ್ಣ ಬಲ್ಬೊಂದನ್ನು ಅಲ್ಲಿ ಇಲ್ಲಿ ಮುಟ್ಟಿಸಿದ; ಕರೆಂಟೂ ಬರುತ್ತಿತ್ತು. ಕೊನೆಗೆ ಫ್ಯಾನಿನ ಅರ್ತ್ ವೈರನ್ನು ಕಾರಿನ ಬಾಡಿಗೆ ಬಿಗಿದಿದ್ದ ಬೋಲ್ಟನ್ನು ಬಿಚ್ಚಿ, ಕೆಳಗಿನ ಹೊಳೆಯುವ ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದ.

"ಇಂಗೆ ಪೇಂಟ್ ಅಡಿಚ್ಚದು ಯಾರು ಸಾರ್?"

ತುಕ್ಕು ಹಿಡಿಯಬಾರದೆಂದು ಎರಡು ತಿಂಗಳ ಹಿಂದೆ ಒಂದು ಭಾನುವಾರ ಬೋಲ್ಟು ಬಿಚ್ಚಿ, ಬ್ರಷ್ ಹಿಡಿದು ಆ ಜಾಗಕ್ಕೆಲ್ಲ ಎರಡೆರಡು ಕೋಟು ಬಳಿದು ಮತ್ತೆ ಬಿಗಿದವನು ನಾನೇ. ಬಣ್ಣದ ಮೇಲೆ ಬಿಗಿದ ವೈರಿನಿಂದ ಕರೆಂಟು ವಾಪಸು ಹೋಗಲು ದಾರಿಯಿರಲಿಲ್ಲ. ಅಂತೋಣಿ ಉಪ್ಪುಕಾಗದದಲ್ಲಿ ಬಣ್ಣವನ್ನೆಲ್ಲ ಉಜ್ಜಿ ತೆಗೆದು ಬೋಲ್ಟು ಬಿಗಿದ. ಇಂಜಿನ್ ಬಿಸಿಯಾದೊಡನೆ ಫ್ಯಾನ್ ತಾನಾಗಿ ತಿರುಗಿತು.

ಮನೆಗೆ ಬಂದು ಮಾವನವರ ಎದುರು ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಕಪ್ಪು ಕನ್ನಡಕದೊಳಗಿಂದ ನನ್ನನ್ನು ನೋಡಿ ತಲೆಯಾಡಿಸಿದರು.

"ನೀವು ಪೇಂಟ್ ಹಚ್ಚೋವಾಗ ನಾನು ಬಾಲ್ಕನೀಲೇ ಇದ್ದೆ. ಅರ್ತ್ ಕೊಡೋ ಜಾಗದಲ್ಲಿ ಪೇಂಟ್ ಇರಬಾರದು, ಕೆರೀಬೇಕು. ಹಾರ್ಬರಲ್ಲಿ ಕ್ರೇನ್ ಮೋಟಾರಿಗೆ ಮೊದಲು ಅದೇ ಕೆಲಸ. ಆದರೆ ನೀವು ಇಂಜಿನಿಯರು, ಕಾರಲ್ಲಿ ಬೇರೆ ಥರ ಇರಬಹುದು ಅಂತ ಸುಮ್ಮನಿದ್ದೆ." ಕನ್ನಡಕ ಸರಿಪಡಿಸಿಕೊಂಡು, "ಹೀಟರ್ ಹಾಕಿದ್ದು ಕರೆಕ್ಟ್ ಮಾಪ್ಳೆ" ಎಂದು ಸೇರಿಸಿದರು.

ಅವರು ಮೂವತ್ತು ವರ್ಷ ಕ್ರೇನುಗಳ ಎಲೆಕ್ಟ್ರಿಶಿಯನ್ ಆಗಿದ್ದರೆಂದು ನನಗೆ ತಿಳಿದದ್ದು ಆಗಲೇ. ಹಾರ್ಬರ್ ಎಂದಾಗಲೆಲ್ಲ ನಾನು ಮೇಜು, ಕುರ್ಚಿ, ಫೈಲುಗಳನ್ನೇ ಊಹಿಸಿಕೊಂಡಿದ್ದೆ; ಮದುವೆಯಾದ ಆರು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರು. ಆದರೆ ಆಗೆಲ್ಲ ನಾನು ಅವರಿಗೆ ಕಾರಿನ ವಿಷಯ ವಿವರಿಸುತ್ತಿದ್ದೆ.