ದೇಸೂರಿನ ಮುಂದೆ ಹಳಿ ಇರಲಿಲ್ಲ

ಬೆಳಗಾವಿಯ ಬಾಪುಸಾಹೇಬರು ಕಚೇರಿಯಲ್ಲಿ ಬರೀ ಕಾರಕೂನರು. ಓಣಿಯಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ರೈಲಿನಿಂದ ಬಂದದ್ದು. ಮೀರಜದಿಂದ ಲೋಂಡಾದವರೆಗೆ ಯಾವ ಗಾಡಿ ಯಾವ ಸ್ಟೇಶನ್ನಿನಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆಂಬುದು ಅವರಿಗೆ ಬಾಯಿಪಾಠ. ಊರಿಗೆ ಹೊರಟವರು ಮೊದಲು ಅವರ ಕಟ್ಟೆಗೆ ಬಂದು ವೇಳೆ ಕೇಳಿ, ಆಮೇಲೆ ಗಂಟು ಕಟ್ಟುತ್ತಿದ್ದರು. (ಕೇಳದೆ ಹೋಗುವವರನ್ನು ಬಾಪುಸಾಹೇಬರೇ ಕರೆದು ಕೂರಿಸಿ ಹೇಳುತ್ತಿದ್ದರು.)

ಅಂಥವರಿಗೆ ಹೆಂಡತಿ ರೈಲಿನ ಸುದ್ದಿ ಹೇಳುವುದೆಂದರೇನು?

“ಅಲ್ರೀ, ದೇಸೂರಿನ ಮುಂದ ಹಳಿ ಕಿತ್ತಾರಂತ. ಎಂಟು ದಿನ ದುರಸ್ತಿ ಐತಂತ,” ಎಂದರು ಚಂಪಾಬಾಯಿ, ರುಮಾಲು ಕೈಗೆ ಕೊಡುತ್ತ. “ಬಾಜೂಮನಿ ಗೌರವ್ವ ನಿನ್ನಿ ಮೂರು ಮೈಲು ನಡದು ಬಂದಾಳ.”

“ಗೌರವ್ವಗ ಗಡಿಯಾರ ನೋಡಾಕ ಬರ್ತದೇನು?”

“ಕಾಲು ನೋವಾಗಿದ್ದು ತಿಳೀತದಲ್ರೀ!”

ಹೊರಟದ್ದು ಸಣ್ಣ ಕೆಲಸಕ್ಕಲ್ಲ. ಮಗಳು ರತ್ನಮಾಲಾಳನ್ನು ಖಾನಾಪುರದ ಭೀಮಗೊಂಡರ ಮಗ ಜಿನಪಾಲನಿಗೆ ಕೊಡುವ ಮಾತು. ನೋಡುವುದು ಮುಗಿದಿತ್ತು, ಗಟ್ಟಿ ಮಾಡುವುದು ಉಳಿದಿತ್ತು. ಜೈನರಲ್ಲೂ ಭೀಮಗೊಂಡರು ಬಲು ನೇಮದವರು, ಹೊತ್ತು ಮುಳುಗಿತೆಂದರೆ ಆ ಮನೆಯಲ್ಲಿ ಒಲೆಗಷ್ಟೇ ಅಲ್ಲ, ನೀರಿನ ತಂಬಿಗೆಗೂ ಮುಚ್ಚಳ. ಊಟ, ಮಾತು ಎರಡೂ ಹಗಲಿನಲ್ಲೇ ಆಗಬೇಕು.

“ನಾಕು ರೊಟ್ಟಿ ಕಟ್ಟಿಕೊಡ್ತೇನಿ, ಒಯ್ರಿ.”

“ಬೀಗರ ಮನಿಗೆ ಕಂಕುಳಾಗ ರೊಟ್ಟಿ ಗಂಟು ಹಿಡಕೊಂಡು ಹೋಗಲೇನು? ಒಂದಕ್ಕ ಗಾಡಿ ಹತ್ತೂದು, ಎರಡೂವರಿಗೆ ಖಾನಾಪುರ, ಮೂರಕ್ಕ ಹೋಳಿಗಿ!”

ಹೋಳಿಗೆಗೆ ಜಾಗ ಇರಲೆಂದು ಅವರು ಮುಂಜಾನೆಯೂ ಅರ್ಧ ಹೊಟ್ಟೆಯೇ ಉಂಡಿದ್ದರು.

ಸ್ಟೇಶನ್ನಿನ ಗೋಡೆಗೆ ದೊಡ್ಡದೊಂದು ನೋಟೀಸು ಅಂಟಿಸಿತ್ತು. ಅಕ್ಷರ ಬಾರದವರು ಓದು ಬರುವವರಿಂದ ಓದಿಸಿಕೊಳ್ಳುತ್ತಿದ್ದರು. ಬಾಪುಸಾಹೇಬರು ಅತ್ತ ತಿರುಗಲಿಲ್ಲ. (ಬಲ್ಲವರು ನೋಟೀಸು ಓದುತ್ತಾರೆಯೇ?) ದೇಸೂರಿನಲ್ಲಿ ಗಾಡಿ ನಿಂತಾಗ ಎದುರಿಗೆ ಕೂತಿದ್ದ ಬೀಡಿ ಊರಿನ ರೈತ ಉಳವಪ್ಪನಿಗೆ, “ಇಲ್ಲಿ ಎರಡು ನಿಮಿಷ ನಿಂದರ್ತದ,” ಎಂದು ಅಪ್ಪಣೆ ಕೊಡಿಸಿದರು.

ಉಳವಪ್ಪ ಚೀಲ ಹೆಗಲಿಗೇರಿಸಿದ. “ಎಂಟು ದಿನ ನಿಂದರ್ತದ್ರೀ ಸಾಹೇಬ್ರ. ಇಳೀರಿ.”

ಇಳಿದು ನೋಡಿದರೆ ಇಂಜಿನ್ನಿನ ಮುಂದೆ ಹಳಿಯೇ ಇಲ್ಲ! ಕೆಂಪು ಮಣ್ಣು, ಖಡಿಕಲ್ಲಿನ ಗುಂಪಿ, ಕಿತ್ತು ಹಾಕಿದ ಮರದ ದಿಮ್ಮಿಗಳು. ಮೂರು ಮೈಲು ನಡೆದರೆ ಆ ಕಡೆ ಇನ್ನೊಂದು ಗಾಡಿ ನಿಂತಿದೆಯಂತೆ. ಹೆಂಗಸರು ಕೂಸುಗಳನ್ನು ಬಗಲಿಗೆ ಹಾಕಿಕೊಂಡು, ಮುದುಕರು ಕೋಲೂರಿಕೊಂಡು ಆಗಲೇ ಸಾಲು ಹಿಡಿದು ಹೊರಟಿದ್ದರು. ಯಾರ ಮುಖದಲ್ಲೂ ಆಶ್ಚರ್ಯವಿಲ್ಲ. ಎಲ್ಲರಿಗೂ ಗೊತ್ತಿತ್ತು!

ಬಾಪುಸಾಹೇಬರು ಧೈರ್ಯ ಬಿಡಲಿಲ್ಲ. ಹೊಸ ಬೂಟು ಖಡಿಕಲ್ಲಿನ ಮೇಲೆ ಕಿರ್ರೋ ಎನ್ನುತ್ತಿದ್ದರೂ ತಪಾಸಣೆಗೆ ಬಂದ ಸಾಹೇಬರ ಠೀವಿಯಲ್ಲೇ ನಡೆದರು. ಅರ್ಧ ದಾರಿಯಲ್ಲಿ ಕೆಲಸದವರ ಮುಕಾದಮನನ್ನು ಕಂಡದ್ದೇ ತಡ, “ದಿಮ್ಮಿ ಹಿಂಗ ಕೂಡಸೂದಲ್ಲ,” ಎಂದು ನಿಂತರು.

“ಹೆಂಗ ಕೂಡಸೂದು, ನೀವ ತೋರಸ್ರಿ,” ಎಂದು ಅವನು ಕಬ್ಬಿಣದ ಹಾರಿ ಕೈಗಿತ್ತ. ಹಾರಿ ಏಳಲಿಲ್ಲ, ಬಾಪುಸಾಹೇಬರ ರುಮಾಲು ಮಾತ್ರ ಜಾರಿ ಕಣ್ಣ ಮೇಲೆ ಬಂತು. ಅದನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ದೂರದಲ್ಲಿ ಸೀಟಿ ಕೇಳಿಸಿತು. ಆ ಕಡೆಯ ಗಾಡಿ ಹೋಯಿತು.

ಪುಣ್ಯಕ್ಕೆ ಉಳವಪ್ಪನನ್ನು ಒಯ್ಯಲು ಆ ಕಡೆಗೆ ಮನೆಯ ಚಕ್ಕಡಿ ಬಂದಿತ್ತು, ಅವರನ್ನೂ ಹತ್ತಿಸಿಕೊಂಡ. ಹೊತ್ತು ಇಳಿಯತೊಡಗಿದಾಗ ಗಂಟು ಬಿಚ್ಚಿ ರೊಟ್ಟಿ ತೆಗೆದ. “ಚಟ್ನ್ಯಾಗ ಬಳ್ಳೊಳ್ಳಿ ಐತ್ರೀ, ಅದು ನಿಮಗ ನಡಿಯೂದಿಲ್ಲ. ಮಸರು ಹಚ್ಚಿಕೊಂಡು ತಿನ್ರಿ. ಹೊತ್ತು ಮುಳಗಾಕ ಬಂತು.”

ಬಾಯಲ್ಲಿ ನೀರೂರಿತು. ಆದರೆ ಮೂರು ಗಂಟೆಯಿಂದ ಕಾದಿರುವ ಹೋಳಿಗೆಗೆ ದ್ರೋಹ ಬಗೆಯುವುದೆ? “ಬ್ಯಾಡಪಾ, ಬೀಗರ ಮನ್ಯಾಗ ಎಲಿ ಹಾಕಿರ್ತಾರ,” ಎಂದರು.

ಖಾನಾಪುರ ಸೇರಿದಾಗ ಸೂರ್ಯ ಆಗಷ್ಟೇ ಮುಳುಗಿದ್ದ. ಬಾಗಿಲಲ್ಲಿ ಭೀಮಗೊಂಡರ ತಾಯಿ ಪದ್ಮವ್ವ ಒಬ್ಬರೇ.

“ಯಾರು, ಬೀಗರಾ? ಅಯ್ಯ, ಹಳಿ ಕಿತ್ತಾರ, ಅವರು ನಡಕೋತ ಬರೂದು ಬ್ಯಾಡಂತ ನಮ್ಮ ಭೀಮಗೊಂಡ ಮಗನ್ನ ಕರಕೊಂಡು ನಸಿಕಿನ್ಯಾಗ ಚಕ್ಕಡಿ ಹೂಡಿಸಿ ನಿಮ್ಮ ಮನಿಗೇ ಹೋಗ್ಯಾನಲ್ಲ! ಹಳಿ ಕಿತ್ತಿದ್ದು ನಿಮಗ ಗೊತ್ತಿದ್ದಿಲ್ಲೇನು?”

ಬಾಪುಸಾಹೇಬರು ಬಗ್ಗಿ ಬೂಟಿನ ಕೆಂಪು ಧೂಳು ಒರೆಸತೊಡಗಿದರು.

“ಉಂಡು ಬಂದೀರೇನಪಾ?”

“ಇಲ್ರೀ ಅವ್ವಾರ,” ಎಂದರು ಆಸೆಯಿಂದ.

ಪದ್ಮವ್ವ ಹೊರಗೆ ಇಣುಕಿ ಆಕಾಶ ನೋಡಿದರು. “ಛೇ, ಹೊತ್ತು ಮುಳುಗಿತಲ್ಲ. ಹಾಸಿಗಿ ಹಾಸಲೇನು?”

ಮರುದಿನ ಅವಲಕ್ಕಿ ತಿಂದು, ಅದೇ ಮೂರು ಮೈಲನ್ನು ಎದುರು ದಿಕ್ಕಿನಿಂದ ತುಳಿದು, ಮಧ್ಯಾಹ್ನ ಮನೆ ಮುಟ್ಟಿದರು. ಬೂಟು ಕೈಯಲ್ಲಿತ್ತು. ಚಂಪಾಬಾಯಿ ಕಾಲಿಗೆ ನೀರು ಕೊಟ್ಟು ಹೇಳಿದರು:

“ಬೀಗರು ಮುಂಜಾನೆ ಹೊಳ್ಳಿ ಹೋದರು. ಮಾಘದಾಗ ಲಗ್ನ. ಗಟ್ಟಿ ಆತು.”

“ನಾ ಇಲ್ಲದ?” ಬಾಪುಸಾಹೇಬರು ತಂಬಿಗೆ ಕೆಳಗಿಟ್ಟರು. “ಹುಡುಗಿ ಅಪ್ಪ ಇಲ್ಲದ ಮಾತು ಹೆಂಗ ಮುಗೀತು?”

“ನಾನೂ ಅದನ್ನ ಅಂದೆ. ಬಾಗಲ ಮರೀಗೆ ನಿಂತು, ‘ಅವರು ಊರಾಗಿಲ್ಲ, ಬಂದಮ್ಯಾಲೆ ಕುಂತು ಮಾತಾಡೂಣು’ ಅಂದೆ.”

“ಹೂಂ! ಭೀಮಗೊಂಡರು ಏನಂದ್ರು?”

ಚಂಪಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು.

“‘ಅವರಿಲ್ಲೇನು? ಹಂಗಾರ ಈಗ ಮುಗಿಸೂಣ್ರಿ, ಲಗೂನ ಮುಗೀತದ’ ಅಂದ್ರು.”