ಬೋನಸ್ ಅಥವಾ ಟಚ್: ದಾಳಿ ನಿರ್ಣಯ ಸಮಿತಿಯ ನಡಾವಳಿ

ಕೊಬ್ಬರಿಸೀಮೆ ಗ್ರಾಮಾಂತರ ಪ್ರಥಮ ದರ್ಜೆ ಕಾಲೇಜಿನ ಮಹಿಳಾ ಕಬಡ್ಡಿ ತಂಡವು ಅಂತರ ಕಾಲೇಜು ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಒಂದು ಅಂಕದಿಂದ ಜಯ ಗಳಿಸಿತು. ಈ ಜಯದಿಂದ ಸಾರ್ವಜನಿಕರಲ್ಲಿ ಉಂಟಾದ ತೀವ್ರ ಅಸಮಾಧಾನವನ್ನು ಕಾಲೇಜಿನ ಆಡಳಿತವು ಗಂಭೀರವಾಗಿ ಪರಿಗಣಿಸಿತು.

ದೈಹಿಕ ಶಿಕ್ಷಣದ ಅತಿಥಿ ಉಪನ್ಯಾಸಕ ಹನುಮಂತರಾಜುವಿಗೆ ಮಾತ್ರ ಈ ಅಸಮಾಧಾನದ ಸುಳಿವಿರಲಿಲ್ಲ. ಒಂಬತ್ತು ವರ್ಷದಿಂದ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದವನು, ತಂಡ ಮೊದಲ ಸಲ ಫೈನಲ್ ಮುಟ್ಟಿದ ಮಾರನೇ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಯಾರಾದರೂ ಹಾರ ಹಾಕಿದರೆ ಬೇಡವೆನ್ನಬಾರದೆಂದು ನಿಶ್ಚಯಿಸಿ ತುರುವೇಕೆರೆ ರಸ್ತೆಯ ಟೀ ಅಂಗಡಿಗೆ ಹೋದ. ಅಲ್ಲಿ ಕಾಲೇಜು ಅಭಿವೃದ್ಧಿ ಸಮಿತಿಯ ಇಬ್ಬರು ಸದಸ್ಯರು ಕೂತಿದ್ದರು. ಒಬ್ಬರು ಕೊಬ್ಬರಿ ಮಂಡಿಯ ಗಂಗರಾಜು, ಇನ್ನೊಬ್ಬರು ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ದೊಡ್ಡರಂಗಯ್ಯ. ಹನುಮಂತರಾಜುವಿನ ನೌಕರಿ ಪ್ರತಿ ವರ್ಷ ಜೂನ್‌ನಲ್ಲಿ ನವೀಕರಣವಾಗಬೇಕಿತ್ತು. ಆ ಕಾಗದಕ್ಕೆ ಸಹಿ ಹಾಕುವವರು ಇವರಿಬ್ಬರೇ.

"ಏನ್ ಮೇಷ್ಟ್ರೇ, ಹಿಂಗಾ ಗೆಲ್ಲೋದು?" ಎಂದರು ದೊಡ್ಡರಂಗಯ್ಯ.

"ಯಾಕೆ ಸಾರ್?"

"ಕೊನೇ ರೈಡಲ್ಲಿ ಆ ಕಡೆ ಹುಡುಗಿ ಜಾರಿ ಬಿದ್ದಿದ್ಲು. ಮುಟ್ಟಿದ್ರೆ ಮುಗ್ದೋಗೋದು. ಅದ್ ಬುಟ್ಟು ನಿಮ್ ಕೋಮಲಾ ಹಿಂದ್ಲ ಗೆರೆ ದಾಟ್ಕಂಡು ಬೋನಸ್ ಎತ್ಕಂಡ್ ಬಂದ್ಲಲ್ಲ ರೀ! ಮೈ ಉರ್ದೋಯ್ತು."

"ಗೆದ್ವಲ್ಲ ಸಾರ್."

"ಗೆಲ್ಲೋದ್ ಬುಡ್ರೀ. ಮರ್ಯಾದೆ ಏನಾಯ್ತು?"

ಗಂಗರಾಜು ಟೀ ಲೋಟ ಕೆಳಗಿಟ್ಟರು. "ಅಲ್ಲ ರಂಗಯ್ಯನೋರೆ, ಬೋನಸ್ ಅಂದ್ರೆ ತೆಂಗಿನ್ ತೋಟ ಇದ್ದಂಗೆ. ಇವತ್ತೊಂದು ನಾಳೆ ಒಂದು, ಬೀಳ್ತಾನೇ ಇರ್ತದೆ. ಟಚ್ ಅಂದ್ರೆ ಶುಂಠಿ ಹಾಕ್ದಂಗೆ. ಬಂದ್ರೆ ಬಂಗ್ಲೆ, ಹೋದ್ರೆ ಹಟ್ಟಿ. ನನ್ ಕೇಳುದ್ರೆ ಕೋಮಲಾ ಮ್ಯಾಚ್ ಪೂರ್ತಿ ಬೋನಸ್ಸೇ ಆಡ್ಬೇಕಿತ್ತು. ನಡುವೆ ನಾಕ್ ಸಲ ಹೋಗ್ ಮುಟ್ಟುದ್ಲಲ್ಲ, ಅದ್ಕೆ ನನ್ ಆಕ್ಷೇಪಣೆ."

ಹೀಗೆ ಒಂದೇ ಗೆಲುವಿನ ಬಗ್ಗೆ ಇಬ್ಬರಿಗೂ ಬೇರೆ ಬೇರೆ ಕಾರಣಕ್ಕೆ ಸಿಟ್ಟಿದೆಯೆಂದು ಹನುಮಂತರಾಜುವಿಗೆ ಅರ್ಥವಾಯಿತು. ಇಬ್ಬರೂ ಜೀವಮಾನದಲ್ಲಿ ಕಬಡ್ಡಿ ಆಡಿದವರಲ್ಲ. ಗಂಗರಾಜು ಕೊನೆಯ ಸಲ ಓಡಿದ್ದು ತಿಪಟೂರು ಬಸ್ಸಿನ ಹಿಂದೆ, ಬಸ್ಸು ನಿಲ್ಲಲಿಲ್ಲ. ಆದರೂ ಹನುಮಂತರಾಜು ಇಬ್ಬರ ಮಾತಿಗೂ ತಲೆದೂಗಿದ. ಏಪ್ರಿಲ್ ತಿಂಗಳಾಗಿತ್ತು, ಜೂನ್ ದೂರವಿರಲಿಲ್ಲ.

ಒಂದು ವಾರದಲ್ಲಿ ಊರು ಎರಡು ಪಕ್ಷವಾಯಿತು. ಮಾಯಸಂದ್ರದ ಖಾಸಗಿ ಬಸ್ಸಿನ ಕಂಡಕ್ಟರು ಶಾಂತಿ ಕಾಪಾಡುವ ದೃಷ್ಟಿಯಿಂದ ಬೋನಸ್‌ನವರನ್ನು ಎಡಗಡೆಗೂ ಟಚ್‌ನವರನ್ನು ಬಲಗಡೆಗೂ ಕೂರಿಸಿದ. ಎರಡಕ್ಕೂ ಸೇರದವರು ನಿಂತು ಪ್ರಯಾಣಿಸಿದರು. ಬಿಳಿಗೆರೆಯಲ್ಲಿ ಹೆಣ್ಣು ನೋಡಲು ಬಂದ ಗಂಡಿಗೆ, ತೋಟ ಎಷ್ಟಿದೆ ಎಂದು ಕೇಳುವುದಕ್ಕೂ ಮುಂಚೆ "ನೀನು ಬೋನಸ್ಸೋ ಟಚ್ಚೋ" ಎಂದು ಕೇಳಲಾಯಿತು. ಆತ ತನಗೆ ಕ್ರಿಕೆಟ್ ಇಷ್ಟ ಎಂದ. ಉಪ್ಪಿಟ್ಟು ತಟ್ಟೆಯಲ್ಲೇ ತಣ್ಣಗಾಯಿತು.

ಪರಿಸ್ಥಿತಿ ಕೈಮೀರುವ ಮೊದಲು ಪ್ರಾಂಶುಪಾಲ ತಿಮ್ಮರಾಜು ಸಭೆ ಕರೆದರು. ಅವರು ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಯಾವ ಕಡತದ ಮೇಲೂ 'ಆಗಬಹುದು' ಎಂದಾಗಲಿ 'ಆಗದು' ಎಂದಾಗಲಿ ಬರೆದವರಲ್ಲ. ಎಲ್ಲದಕ್ಕೂ 'ಪರಿಶೀಲಿಸಿ ಮಂಡಿಸಿ' ಎಂದು ಬರೆದು ಎಲ್ಲರ ಪ್ರೀತಿಗೂ ಪಾತ್ರರಾಗಿದ್ದರು. ಸಭೆ ಮೂರು ಗಂಟೆ ನಡೆದು, ಸಂಜೆ ಸೂಚನಾ ಫಲಕದಲ್ಲಿ ಸುತ್ತೋಲೆ ಕಾಣಿಸಿಕೊಂಡಿತು:

"ಕಬಡ್ಡಿ ತಂಡದ ದಾಳಿಗಳಲ್ಲಿ ಸಾರ್ವಜನಿಕ ಸಹಭಾಗಿತ್ವವನ್ನು ಖಾತರಿಪಡಿಸುವ ಸಲುವಾಗಿ ದಾಳಿ ನಿರ್ಣಯ ಸಮಿತಿಯನ್ನು ರಚಿಸಿ ಆದೇಶಿಸಿದೆ. ಸಮಿತಿಯಲ್ಲಿ ಬೋನಸ್ ಪಕ್ಷದ ಏಳು ಮತ್ತು ಟಚ್ ಪಕ್ಷದ ಏಳು ಸದಸ್ಯರಿರತಕ್ಕದ್ದು. ಪ್ರತಿ ದಾಳಿಗೆ ಮುನ್ನ ಸದರಿ ದಾಳಿಯು ಬೋನಸ್ ಅಥವಾ ಟಚ್ ಆಗಿರತಕ್ಕದ್ದೆಂದು ಸಮಿತಿಯು ಬಹುಮತದಿಂದ ತೀರ್ಮಾನಿಸಿ ತರಬೇತುದಾರರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಮತಗಳು ಸಮವಾದಲ್ಲಿ ಅಧ್ಯಕ್ಷರಾದ ಪ್ರಾಂಶುಪಾಲರ ಮತವೇ ಅಂತಿಮ."

ಸಂಜೆ ಅಭ್ಯಾಸದಲ್ಲಿ ಹನುಮಂತರಾಜು ಇದನ್ನು ಓದಿ ಹೇಳಿದ. ಕೋಮಲಾ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು. ಹುಳಿಯಾರು ಕಡೆಯ ಹಟ್ಟಿಯ ಹುಡುಗಿ. ಅವಳ ತಾಯಿ ಚಿತ್ತಮ್ಮ ಕುರಿ ಕಾಯುವವಳು. ತಪ್ಪಿಸಿಕೊಂಡ ಮರಿಯ ಹಿಂದೆ ಓಡಿ ಓಡಿಯೇ ಮಗಳಿಗೆ ಆ ಕಾಲು ಬಂದಿತ್ತು. ಫೈನಲ್ ನೋಡಲು ವಿಶ್ವವಿದ್ಯಾಲಯದ ಆಯ್ಕೆಗಾರರು ಬರುವವರಿದ್ದರು. ಅವರ ಕಣ್ಣಿಗೆ ಬಿದ್ದರೆ ಅವಳು ವಿಶ್ವವಿದ್ಯಾಲಯದ ತಂಡಕ್ಕೆ ಹೋಗುತ್ತಿದ್ದಳು.

"ಸಾ, ಒಂದ್ ರೈಡಿಗೆ ಮೂವತ್ತು ಸೆಕೆಂಡು. ಅಷ್ಟರಲ್ಲಿ ಇವ್ರು ಕೈಯೆತ್ತಿ, ಎಣ್ಸಿ, ಚೀಟಿ ಬರ್ದು ಕಳಿಸ್ತಾರಾ?"

"ಚೀಟಿ ತರೋಕೆ ದುರ್ಗಯ್ಯನ್ನ ಹಾಕವ್ರೆ ಕಣಮ್ಮ."

ದುರ್ಗಯ್ಯ ಕಾಲೇಜಿನ ಅಟೆಂಡರು. ನಿವೃತ್ತಿಗೆ ಹತ್ತು ತಿಂಗಳಿತ್ತು. ಎಡ ಮಂಡಿ ಮಡಚುತ್ತಿರಲಿಲ್ಲ.

"ಹಂಗಾದ್ರೆ ನಾನೇನ್ ಮಾಡ್ಲಿ ಸಾ?"

ಹನುಮಂತರಾಜು ಸುತ್ತೋಲೆಯನ್ನು ಮಡಚಿ ಜೇಬಿಗಿಟ್ಟ. ಅವನಿಗೆ ಮನೆ ನೆನಪಾಯಿತು. ಹೆಂಡತಿ ನಯನ ಹಿಂದಿನ ದಿನವಷ್ಟೇ "ಈ ಸಲ ಸಹಿ ಆಗೋವರ್ಗೂ ಯಾರ್ ಜೊತೇಲೂ ವಾದಕ್ಕಿಳೀಬ್ಯಾಡಿ" ಎಂದು ಆಣೆ ಹಾಕಿಸಿಕೊಂಡಿದ್ದಳು. "ಚೀಟಿ ಬಂದ್ರೆ ಓದಾಣ," ಎಂದಷ್ಟೇ ಹೇಳಿದ.

ಫೈನಲ್ ದಿನ ಅಂಕಣದಿಂದ ಇನ್ನೂರು ಅಡಿ ದೂರದಲ್ಲಿ ಸಮಿತಿಗೆ ಪ್ರತ್ಯೇಕ ಶಾಮಿಯಾನ ಹಾಕಿತ್ತು. ಗಲಾಟೆಯಲ್ಲಿ ಚರ್ಚೆ ಸಾಧ್ಯವಿಲ್ಲವೆಂದು ಸದಸ್ಯರು ಶಾಮಿಯಾನದ ಬಾಯನ್ನು ಆಟದ ಕಡೆಗೆ ಬಿಡದೆ ರಸ್ತೆ ಕಡೆಗೆ ತಿರುಗಿಸಿಕೊಂಡಿದ್ದರು. ಮೊದಲ ದಾಳಿಯ ಕುರಿತ ಚರ್ಚೆ ಹಿಂದಿನ ಸಭೆಯ ನಡಾವಳಿಯನ್ನು ಓದಿ ಅಂಗೀಕರಿಸುವುದರೊಂದಿಗೆ ಆರಂಭವಾಯಿತು. ಅಷ್ಟು ಹೊತ್ತಿಗೆ ಕೋಮಲಾ ಐದು ಸಲ ಹೋಗಿ ಬಂದಿದ್ದಳು. ಬೋನಸ್ಸಿಗೆ ಎಡೆ ಸಿಕ್ಕಾಗ ಬೋನಸ್, ಕೈ ಎಟುಕಿದಾಗ ಟಚ್. ಅವಳ ಕಣ್ಣು ಹೇಳಿದ್ದನ್ನು ಕಾಲು ಮಾಡುತ್ತಿತ್ತು. ಹನುಮಂತರಾಜು ಒಂದು ಕಣ್ಣು ಆಟದ ಮೇಲೆ, ಇನ್ನೊಂದು ದುರ್ಗಯ್ಯ ಬರುವ ದಾರಿಯ ಮೇಲೆ ಇಟ್ಟು ನಿಂತಿದ್ದ. ಮೊದಲ ದಾಳಿಯ ಚೀಟಿ ಅರ್ಧ ಆಟ ಮುಗಿದು ಹುಡುಗಿಯರು ನಿಂಬೆ ಪಾನಕ ಕುಡಿಯುವಾಗ ಬಂತು. 'ಮತಗಳು ಸಮ. ಅಧ್ಯಕ್ಷರ ಪರಿಶೀಲನೆಯಲ್ಲಿದೆ' ಎಂದಿತ್ತು.

ಕೊನೆಯ ನಿಮಿಷ. ತಂಡ ಒಂದು ಅಂಕ ಹಿಂದಿತ್ತು. ಹಿಂದಿನ ಎರಡು ದಾಳಿಯಲ್ಲಿ ಏನೂ ಸಿಕ್ಕಿರಲಿಲ್ಲ. ಮೂರನೆಯದರಲ್ಲೂ ಬರಿಗೈಲಿ ಬಂದರೆ ನಿಯಮದಂತೆ ಕೋಮಲಾ ಔಟು, ಆಟವೂ ಮುಗಿದಂತೆ. ಎದುರು ಏಳೂ ಹುಡುಗಿಯರು ಕೈ ಕೈ ಹಿಡಿದು ನಿಂತಿದ್ದರು. ಅಷ್ಟರಲ್ಲಿ ದುರ್ಗಯ್ಯ ಕುಂಟುತ್ತಾ ಬಂದು ಎರಡನೇ ಚೀಟಿ ಕೊಟ್ಟ. ಹನುಮಂತರಾಜು ಬಿಡಿಸಿದ: 'ಸಮಿತಿಯು ಚಹಾ ವಿರಾಮದಲ್ಲಿದೆ.'

ಅವನು ಚೀಟಿಯಿಂದ ತಲೆಯೆತ್ತಿದ. ಕೋಮಲಾ ಇವನನ್ನೇ ನೋಡುತ್ತಿದ್ದಳು. ಒಂಬತ್ತು ವರ್ಷ, ಜೂನ್ ತಿಂಗಳು, ನಯನಳ ಆಣೆ, ಎಲ್ಲವನ್ನೂ ಚೀಟಿಯ ಜೊತೆಗೇ ಮಡಚಿ ಜೇಬಿಗಿಟ್ಟ.

"ನಿಂಗೆ ಹೆಂಗ್ ಕಾಣ್ತದೋ ಹಂಗೆ ಆಡು ಹೋಗ್ ತಾಯಿ!" ಎಂದು ಕೂಗಿದ.

ಅವಳು ಹೋದಳು. ಎಡಕ್ಕೆ ವಾಲಿ, ಬಲಕ್ಕೆ ತಿರುಗಿ, ಒಂದು ಕಾಲನ್ನು ಗೆರೆಯಾಚೆ ಊರಿ ಇನ್ನೊಂದನ್ನು ಮೇಲೆತ್ತಿದಳು. ಬೋನಸ್ ಆಯಿತೆಂದು ರೆಫರಿ ಕೈಯೆತ್ತುವುದರೊಳಗೆ ಹಿಡಿಯಲು ಬಂದ ಮೂಲೆಯ ಹುಡುಗಿಯ ಭುಜವನ್ನು ಬೆರಳ ತುದಿಯಿಂದ ತಟ್ಟಿ, ನಾಲ್ಕು ಕೈಗಳ ಕೆಳಗೆ ನುಸುಳಿ ಓಡಿ ಬಂದಳು. ಎರಡು ಅಂಕ. ಕಪ್ಪು ಇವರದಾಯಿತು. ಚಿತ್ತಮ್ಮ ಅಂಕಣಕ್ಕೆ ನುಗ್ಗಿ ಮಗಳ ಮುಖ ಸವರಿ ಲಟಿಕೆ ಮುರಿದಳು. ಆಯ್ಕೆಗಾರರು ಕೋಮಲಾಳ ಹೆಸರು ಬರೆದುಕೊಂಡರು. ಹನುಮಂತರಾಜು ಬೇಲಿ ಕಂಬ ಹಿಡಿದು ಅತ್ತ.

ಇತ್ತ ಶಾಮಿಯಾನದಿಂದ ಕಾರಣ ಕೇಳುವ ನೋಟಿಸು ಹೊರಟಿತು.

ಸಮಿತಿಯ ತಕರಾರು ನ್ಯಾಯಸಮ್ಮತವಾಗಿತ್ತು. ಸುತ್ತೋಲೆಯಲ್ಲಿ 'ಬೋನಸ್ ಅಥವಾ ಟಚ್' ಎಂದಿದೆ. 'ಮತ್ತು' ಎಂದು ಎಲ್ಲೂ ಇಲ್ಲ. ಹೀಗಿರುವಾಗ ಒಂದೇ ದಾಳಿಯಲ್ಲಿ ಎರಡನ್ನೂ ಮಾಡಲು ಅನುಮತಿಸಿದ್ದೇಕೆ?

"ಎರ್ಡೂ ಮಾಡ್ಬುಟ್ರೆ ನಾವು ಏನಂತ ವಾದ ಮಾಡೋದ್ರೀ?" ಎಂದು ದೊಡ್ಡರಂಗಯ್ಯ ನೊಂದು ನುಡಿದರು.

"ಅದೇ ಕಣ್ರೀ," ಎಂದರು ಗಂಗರಾಜು. ಸೆಮಿಫೈನಲ್ ಆದಮೇಲೆ ಇಬ್ಬರೂ ಒಪ್ಪಿಕೊಂಡ ಮೊದಲ ಮಾತು ಇದು.

ಹನುಮಂತರಾಜು ರಾತ್ರಿಯೆಲ್ಲ ಹೊರಳಾಡಿ, ಬೆಳಗ್ಗೆ ದುರ್ಗಯ್ಯನ ಸಲಹೆಯಂತೆ ಒಂದೇ ಸಾಲಿನ ಉತ್ತರ ಬರೆದ: 'ಸದರಿ ಎರಡು ಅಂಕಗಳಿಗೆ ಘಟನೋತ್ತರ ಅನುಮೋದನೆ ನೀಡಲು ಕೋರಿದೆ.' ತಿಮ್ಮರಾಜು ಅದರ ಮೇಲೆ 'ಪರಿಶೀಲಿಸಿ ಮಂಡಿಸಿ' ಎಂದು ಬರೆದರು. ಪ್ರತಿ ಶನಿವಾರ ಕಾಲೇಜಿನ ಸಭಾಂಗಣದಲ್ಲಿ ಪರಿಶೀಲನೆ ಶುರುವಾಯಿತು.

ಮೊದಲ ಶನಿವಾರ ಮೂವತ್ತು ಜನ ಬಂದರು. ನಾಲ್ಕನೇ ಶನಿವಾರ ಕಂದಿಕೆರೆಯಿಂದ ಎರಡು ಟೆಂಪೋ ಬಂತು. ಬೋಂಡಾ ಅಂಗಡಿ ಬೋರಮ್ಮ ಗೇಟಿನ ಹತ್ತಿರವೇ ಒಲೆ ಹೂಡಿದಳು. ಗಂಗರಾಜು ಆಕ್ಷೇಪಣೆ ಎತ್ತಿದರೆ ಎಡಗಡೆ ಸೀಟಿ, ದೊಡ್ಡರಂಗಯ್ಯ ಉತ್ತರ ಕೊಟ್ಟರೆ ಬಲಗಡೆ ಕೇಕೆ. ಕಪ್ಪು ಮಾತ್ರ ಅನುಮೋದನೆಯಾಗುವ ತನಕ ಯಾರೂ ಮುಟ್ಟದಂತೆ ಬೀರುವಿನಲ್ಲಿತ್ತು. ಇಷ್ಟು ದೊಡ್ಡ ವಿಚಾರಣೆಗೆ ಪ್ರತಿವಾದಿಯೇ ಇಲ್ಲದಂತಾಗಬಾರದೆಂದು ಜೂನ್‌ನಲ್ಲಿ ಹನುಮಂತರಾಜುವಿನ ನೌಕರಿ ನವೀಕರಣವಾಯಿತು. ನಯನ ಒಬ್ಬಟ್ಟು ಮಾಡಿದಳು.

ಕೋಮಲಾ ವಿಶ್ವವಿದ್ಯಾಲಯದ ತಂಡ ಸೇರಲು ಹೊರಡುವ ದಿನ ಹೇಳಿ ಹೋಗಲು ಬಂದಾಗ ಸಭೆ ನಡೆಯುತ್ತಿತ್ತು. "ಸಾ, ನಿಮ್ಮನ್ನ ಹಿಂಗೆ ಕೂರಿಸ್ಬುಟ್ರಲ್ಲ," ಎಂದಳು.

"ಇರ್ಲಿ ಬುಡವ್ವ. ಇವ್ರು ಇಲ್ ಕುಂತಿರೋವರ್ಗೂ ಗ್ರೌಂಡ್ ಖಾಲಿ. ಹುಡುಗೀರು ನೆಮ್ಮದಿಯಾಗಿ ಆಡ್ಕಂತಾವೆ," ಎಂದ ಅವನು. ಅದು ನಿಜವೂ ಆಗಿತ್ತು.

ಆಗಸ್ಟ್‌ನಲ್ಲಿ ಚಿಕ್ಕನಾಯಕನಹಳ್ಳಿ ಕಡೆಯ ಇನ್ನೊಂದು ಕಾಲೇಜೂ ಇಂಥದೇ ಸಮಿತಿ ರಚಿಸಿ ಪಂದ್ಯಕ್ಕೆ ಆಹ್ವಾನ ಕಳಿಸಿತು. ಸಮಿತಿಗೂ ಸಮಿತಿಗೂ ಪಂದ್ಯ. ತಯಾರಿ ಬೇಕಲ್ಲ? ಹನುಮಂತರಾಜುವನ್ನು ದಾಳಿ ನಿರ್ಣಯ ಸಮಿತಿಯ ತರಬೇತುದಾರನನ್ನಾಗಿ ನೇಮಿಸಲಾಯಿತು.

ಮೊದಲ ದಿನ ಬೆಳಗ್ಗೆ ಆರಕ್ಕೆ ಅವನು ಸೀಟಿ ಊದಿ, "ಎಲ್ಲಾರೂ ಗ್ರೌಂಡ್ ಎರಡ್ ಸುತ್ತು ಓಡ್ಬನ್ನಿ ಸಾರ್," ಎಂದ. ಹದಿನಾಲ್ಕು ಸದಸ್ಯರು ಮುಖ ಮುಖ ನೋಡಿಕೊಂಡು, ಕುರ್ಚಿ ತರಿಸಿ ಕೂತು, ಅರ್ಧ ಗಂಟೆ ಚರ್ಚಿಸಿದರು. ಆಮೇಲೆ ಸರ್ವಾನುಮತದಿಂದ ಠರಾವಾಯಿತು: 'ಸದಸ್ಯರು ಎರಡು ಸುತ್ತು ಓಡಿದ್ದಾರೆಂದು ಭಾವಿಸತಕ್ಕದ್ದು.'

ಹನುಮಂತರಾಜು ಹಾಜರಿ ಪುಸ್ತಕದಲ್ಲಿ 'ಓಡಿದರು' ಎಂದು ಬರೆದು ಸಹಿ ಹಾಕಿದ. ಗಂಗರಾಜು ಏದುಸಿರು ಬಿಡುತ್ತಾ ಟವೆಲ್ಲಿಗೆ ಕೈ ಚಾಚಿದರು.